ಬ್ಲೌಸ್ ಪೀಸಿನ ತೋರಣ: ಮೊದಲು ಹೊಲಿಗೆ, ಆಮೇಲೆ ಕತ್ತರಿ

ನಮ್ಮ ಕಡೆ ಯಾವ ಮನೆಯ ಬೀರು ತೆರೆದರೂ ಒಂದು ಖಾನೆ ತುಂಬ ಬ್ಲೌಸ್ ಪೀಸುಗಳು. ವರಮಹಾಲಕ್ಷ್ಮಿಗೆ ಬಂದದ್ದು, ಗೌರಿ ಬಾಗಿನದ್ದು, ಗೃಹಪ್ರವೇಶದಲ್ಲಿ ತಾಂಬೂಲದ ಜೊತೆ ಕೊಟ್ಟದ್ದು. ಹೊಲಿಸಿಕೊಳ್ಳುವುದಿಲ್ಲ, ಎಸೆಯಲು ಮನಸ್ಸಿಲ್ಲ. ಅವುಗಳಲ್ಲಿ ನಾಲ್ಕು ಇದ್ದರೆ ಮಗುವಿನ ಕೋಣೆಗೆ ತ್ರಿಕೋನ ಬಾವುಟಗಳ ತೋರಣ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಸುಲಭದ ಕೆಲಸವೇ. ಆದರೂ ನಾನು ನೋಡಿದ ಹತ್ತು ತೋರಣಗಳಲ್ಲಿ ಏಳೆಂಟು ಕೆಟ್ಟದ್ದು ಒಂದೇ ಜಾಗದಲ್ಲಿ: ಬಾವುಟದ ಚೂಪು ತುದಿಯಲ್ಲಿ.

ಮೊದಲು ಬಟ್ಟೆ ಆರಿಸಿ. ಹತ್ತಿಯದ್ದೇ ಬೇಕು. ಅನುಮಾನವಿದ್ದರೆ ಅಂಚಿನಿಂದ ನಾಲ್ಕು ಎಳೆ ಕಿತ್ತು, ಸಿಂಕಿನ ಮೇಲೆ ಹಿಡಿದು ಬೆಂಕಿಕಡ್ಡಿ ತಾಗಿಸಿ. ಕಾಗದದಂತೆ ಉರಿದು ಬೂದಿಯಾದರೆ ಹತ್ತಿ, ಮುದುಡಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ಜಾರುತ್ತದೆ, ಇಸ್ತ್ರಿಗೆ ಬಗ್ಗುವುದಿಲ್ಲ. ಅದನ್ನು ಮುಂದಿನ ಅರಿಶಿನ-ಕುಂಕುಮಕ್ಕೇ ದಾಟಿಸಿಬಿಡಿ. ಹತ್ತಿಯದ್ದನ್ನು ನೀರಲ್ಲಿ ನೆನೆಹಾಕಿ ಒಣಗಿಸಿ, ಕೆಂಪನ್ನು ಮಾತ್ರ ಬೇರೆ ಬಕೆಟ್ಟಿನಲ್ಲಿ. ಬಟ್ಟೆ ತೀರ ತೆಳುವಾಗಿದ್ದರೆ ತಿಳಿಗಂಜಿಯಲ್ಲಿ ಅದ್ದಿ, ಅರ್ಧ ಒಣಗಿದಾಗ ಇಸ್ತ್ರಿ ಮಾಡಿ. ಕಾಗದದ ಹಾಗೆ ನಿಂತು ಹೊಲಿಗೆಗೆ ಕೂರುತ್ತದೆ. ಗಂಜಿ ದಪ್ಪ ಬೇಡ, ಜಿರಳೆಗೆ ಹಬ್ಬ.

ರಟ್ಟಿನಲ್ಲಿ ಮೇಲೆ 5 ಇಂಚು ಅಗಲ, 6.5 ಇಂಚು ಉದ್ದದ ತ್ರಿಕೋನ ಕತ್ತರಿಸಿಕೊಳ್ಳಿ.

ಈಗ ಎಲ್ಲರೂ ತಪ್ಪುವ ಕಡೆ. ಕೈಯಲ್ಲಿ ಕತ್ತರಿ ಇದೆಯೆಂದು ಹನ್ನೆರಡು ಬಾವುಟಕ್ಕೆ ಎರಡೆರಡರಂತೆ ಇಪ್ಪತ್ನಾಲ್ಕು ತ್ರಿಕೋನಗಳನ್ನು ಚಕಚಕನೆ ಕತ್ತರಿಸಿ ಗುಡ್ಡೆ ಹಾಕಬೇಡಿ. ತ್ರಿಕೋನದ ಎರಡೂ ಬದಿ ಬಟ್ಟೆಯ ಎಳೆಗೆ ಓರೆಯಾಗಿರುತ್ತವೆ. ಓರೆ ಅಂಚು ಮುಟ್ಟಿದರೆ ಸಾಕು, ಹಿಗ್ಗುತ್ತದೆ. ನನ್ನ ನಾದಿನಿ ಹಾಗೆ ಕತ್ತರಿಸಿ ಹೊಲಿದ ಬಾವುಟಗಳು ಒಂದೊಂದೂ ಒಂದೊಂದು ಕಡೆ ಸೊಟ್ಟಗಾಗಿ, ಗಾಳಿಗೆ ಬಾಡಿದ ಬೆಂಡೆಕಾಯಿ ನೇತುಹಾಕಿದ ಹಾಗೆ ಕಾಣುತ್ತಿದ್ದವು.

ಬದಲಿಗೆ, ಬಟ್ಟೆಯ ಒಳಮೈ ಹೊರಗೆ ಬರುವಂತೆ ಎರಡು ಮಡಿಕೆ ಮಾಡಿ ಗುಂಡುಪಿನ್ನು ಚುಚ್ಚಿ. ರಟ್ಟು ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಒಂದು ನೇರ, ಪಕ್ಕದ್ದು ತಲೆಕೆಳಗೆ, ನಡುವೆ ಅರ್ಧ ಇಂಚು ಬಿಟ್ಟು. (ತೇರಿನ ಚಿತ್ತಾರದ ಗುಳೇದಗುಡ್ಡದ ಖಣವಾದರೆ ಎಲ್ಲವನ್ನೂ ನೇರವಾಗಿಯೇ ಬರೆಯಿರಿ, ಇಲ್ಲವಾದರೆ ಅರ್ಧ ಬಾವುಟಗಳಲ್ಲಿ ತೇರು ಮಗುಚಿಬಿದ್ದಿರುತ್ತದೆ. ಖಣ ಬೇಗ ಎಳೆ ಬಿಡುತ್ತದೆ, ಅದಕ್ಕೆ ಮುಕ್ಕಾಲು ಇಂಚು ಬಿಡಿ.) ಬಟ್ಟೆ ಇಡಿಯಾಗಿರುವಾಗಲೇ ಗೆರೆಯ ಮೇಲೆ ಎರಡು ಓರೆ ಬದಿಗಳನ್ನು ಹೊಲಿಯಿರಿ. ಮೇಲ್ಭಾಗ ತೆರೆದೇ ಇರಲಿ.

ತುದಿ ಹತ್ತಿರ ಬಂದಾಗ ನಿಧಾನಿಸಿ. ಹೊಲಿಗೆ ಮೆಷಿನ್ನಿನ ಚಕ್ರವನ್ನು ಕೈಯಿಂದ ತಿರುಗಿಸಿ. ಚೂಪಿಗೆ ಒಂದು ಹೊಲಿಗೆ ಇರುವಂತೆಯೇ ನಿಲ್ಲಿಸಿ, ಸೂಜಿ ಬಟ್ಟೆಯೊಳಗೇ ಇರಲಿ, ಬಟ್ಟೆ ಒತ್ತಿಹಿಡಿಯುವ ಮೆಷಿನ್ನಿನ ಪಾದ ಎತ್ತಿ ಬಟ್ಟೆ ತಿರುಗಿಸಿ, ಅಡ್ಡಕ್ಕೆ ಒಂದೇ ಒಂದು ಹೊಲಿಗೆ ಹಾಕಿ, ಮತ್ತೆ ತಿರುಗಿಸಿ ಮೇಲಕ್ಕೆ ಹೋಗಿ. ಒಂದೇ ಬಿಂದುವಿನಲ್ಲಿ ತಿರುಗಿಸಿದರೆ ತುದಿ ಚೂಪಾಗಬೇಕಲ್ಲವೇ ಅನಿಸುತ್ತದೆ. ಆಗುವುದಿಲ್ಲ. ಒಳಗಿನ ಬಟ್ಟೆಗೆ ಜಾಗವಿಲ್ಲದೆ ಅಲ್ಲೊಂದು ಗಂಟು ಕೂರುತ್ತದೆ. ಆ ಅಡ್ಡ ಹೊಲಿಗೆ ಇದ್ದರೇ ಹೊರಗಿನಿಂದ ಚೂಪು.

ಈಗ ಕತ್ತರಿ. ಬದಿಗಳಲ್ಲಿ ಹೊಲಿಗೆಯಿಂದ ಕಾಲು ಇಂಚು ಬಿಟ್ಟು, ಮೇಲೆ ಗೆರೆಗೇ ಸರಿಯಾಗಿ ಕತ್ತರಿಸಿ. ತುದಿಯನ್ನು ಅಡ್ಡ ಹೊಲಿಗೆಯ ಕೆಳಗೆ 3 ಮಿಲಿಮೀಟರ್ ಉಳಿಸಿ ತೆಗೆಯಿರಿ. ಅದರ ಎರಡೂ ಪಕ್ಕದಲ್ಲಿ ಇನ್ನೊಂದಿಷ್ಟು ಸವರಿ. ಬಳಿಕ ತುದಿಯ ಅಂಚನ್ನು ಹೊಲಿಗೆಯ ಮೇಲೇ ಮಡಿಸಿ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಹಿಡಿತ ಬಿಡದೆ ಬಾವುಟವನ್ನು ಒಳಹೊರಗು ಮಾಡಿ. ತುದಿ ತಳ್ಳಲು ಮುಚ್ಚಳ ಹಾಕಿದ ಬಾಲ್ ಪೆನ್ನು ಸಾಕು. ಕತ್ತರಿಯ ಮೂತಿ ತೂರಿಸಿದಿರೋ, ತುದಿ ತೂತಾಗಿ ಹೊರಗೆ ಬರುತ್ತದೆ. ಪಕ್ಕದ ಮನೆಯವರು ಮೂರು ಬಾವುಟಕ್ಕೆ ಹಾಗೆ ಮಾಡಿಕೊಂಡು ನಾಲ್ಕನೆಯದಕ್ಕೆ ನನ್ನನ್ನು ಕರೆದರು. ಇನ್ನೂ ಮೊಂಡಾಗಿದ್ದರೆ ಸೂಜಿಗೆ ದಾರ ಪೋಣಿಸಿ ತುದಿಯಲ್ಲಿ ಒಮ್ಮೆ ಹಾಯಿಸಿ, ದಾರದ ಎರಡೂ ಕೊನೆ ಹಿಡಿದು ಮೆಲ್ಲಗೆ ಎಳೆಯಿರಿ. ಇಸ್ತ್ರಿ ಹಾಕಿ.

ಬಾವುಟ ಪೋಣಿಸುವ ಪಟ್ಟಿಗೆ ದುಬಾರಿ ರಿಬ್ಬನ್ ಬೇಡ. ಮ್ಯಾಚಿಂಗ್ ಸೆಂಟರಿನಲ್ಲಿ ಸಿಗುವ ಸೀರೆಯ ಫಾಲ್ಸ್ ಕೊಳ್ಳಿ. ಸುಮಾರು 2.5 ಮೀಟರ್ ಉದ್ದ, ಬಣ್ಣ ಬೇಕಾದಷ್ಟು. ನೆನೆಸಿ ಒಣಗಿಸದೆ ಮಾತ್ರ ಬಳಸಬೇಡಿ, ಕುಗ್ಗುತ್ತದೆ. ಉದ್ದಕ್ಕೆ ಎರಡು ಮಾಡಿದರೆ ಎರಡು ತೋರಣಕ್ಕಾಯಿತು. ಒಂದು ಪಟ್ಟಿಯನ್ನು ನಾಲ್ಕು ಮಡಿಕೆ ಇಸ್ತ್ರಿ ಮಾಡಿ, ಬಾವುಟಗಳ ತೆರೆದ ಬಾಯನ್ನು ಅದರೊಳಗೆ ಸೇರಿಸಿ, ಒಂದೂವರೆ ಇಂಚು ಅಂತರದಲ್ಲಿ ಹನ್ನೆರಡನ್ನೂ ಒಂದೇ ಓಟದಲ್ಲಿ ಹೊಲಿಯಿರಿ. ಎರಡೂ ಕಡೆ ಕಟ್ಟಲು ಒಂದೊಂದು ಗೇಣು ಉಳಿಯುತ್ತದೆ. ಹೊಲಿಯುವ ಬದಲು ಅಂಟು ಹಾಕುವವರಿದ್ದಾರೆ. ಬಟ್ಟೆಯ ಮೇಲೆ ಕಲೆ ಕೂತು ಮುಖಕ್ಕೆ ಗಂಧ ಮೆತ್ತಿದ ಹಾಗಿರುತ್ತದೆ, ಒಗೆಯಲೂ ಆಗದು.

ಕನ್ನಡಿ, ಮಣಿ, ಗೆಜ್ಜೆ ಬೇಡವೇ ಬೇಡ. ಕಿತ್ತು ಬಂದದ್ದು ನೇರ ಬಾಯಿಗೆ ಹೋಗುತ್ತದೆ. ತೊಟ್ಟಿಲ ಮೇಲೂ ಮಂಚದ ತಲೆದೆಸೆಗೂ ಕಟ್ಟಬೇಡಿ, ಕೈಗೆ ಸಿಕ್ಕಿದ ಪಟ್ಟಿ ಕುತ್ತಿಗೆಗೆ ಸುತ್ತಿಕೊಂಡೀತು. ಗೋಡೆಗೆ ಅಂಟಿಸುವ ಹುಕ್ಕುಗಳು ಮಳೆಗಾಲದಲ್ಲಿ ಸುಣ್ಣಬಣ್ಣದ ಸಮೇತ ಕಳಚಿಬೀಳುತ್ತವೆ. ಪರದೆಯ ಸರಳಿನ ಎರಡು ತುದಿಗೆ ಕಟ್ಟಿ, ನಡುವೆ ಒಂದು ಗೇಣು ಇಳಿಬಿಡಿ.