ಆಕ್ಸಿಜನ್ ಲೆಕ್ಕ ಹಾಕದೆ ದೊಡ್ಡ ಬರ್ನರ್ ತಂದೆ

ಮಡಿಕೇರಿಯಿಂದ ಸಿದ್ದಾಪುರದ ಕಡೆ ಹೋಗುವಾಗ ಸಿಗುವ ನಮ್ಮ ಮನೆಯ ಹಿಂದೆ ಒಂದು ಹಳೇ ಕಾಫಿ ಗೋದಾಮಿದೆ. ಮಾವ ಇದ್ದಾಗ ಅಲ್ಲಿ ಕಾಫಿ ಮೂಟೆ ಇರುತ್ತಿತ್ತು. ಈಗ ನನ್ನ ಟೇಬಲ್ಲು, ಗಾಜಿನ ಕಡ್ಡಿ, ಬರ್ನರ್ ಇದೆ. ಏಳು ವರ್ಷದಿಂದ ಅಲ್ಲೇ ಕೂತು ಗಾಜು ಕರಗಿಸಿ ಮಣಿ, ಓಲೆ, ಪೆಂಡೆಂಟ್ ಮಾಡುತ್ತಿದ್ದೇನೆ.

ಮೊದಲ ಬರ್ನರ್ ಕೆನಡಾದ ನಾರ್ಟೆಲ್ ಮೈನರ್. ಸಣ್ಣದು, ಗಟ್ಟಿ, ತಕರಾರಿಲ್ಲ. ಮನೆಯಲ್ಲಿ ರೋಗಿಗಳಿಗೆ ಇಡುತ್ತಾರಲ್ಲ, ಅಂಥ 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ ಒಂದಿದ್ದರೆ ಅದಕ್ಕೆ ಸಾಕು. ಇಟಲಿಯ ಮೆದು ಗಾಜು, ಅಂದರೆ 104ರ ಕಡ್ಡಿಗಳು (ಗಾಜು ಬಿಸಿಗೆ ಎಷ್ಟು ಹಿಗ್ಗುತ್ತದೆ ಅನ್ನುವ ಅಂಕಿ ಅದು), ಈ ಬರ್ನರಿನಲ್ಲಿ ಜೇನಿನ ಹಾಗೆ ಕರಗುತ್ತವೆ. ಅತ್ತೆಯ ಕರಿಮಣಿ ಸರದಲ್ಲಿ ಎರಡು ಮಣಿ ಒಡೆದಿದ್ದವು. ಅದೇ ಅಳತೆಗೆ ಹೊಸದು ಮಾಡಿ ಕೊಟ್ಟಿದ್ದು ಇದರಲ್ಲೇ. ಯಾವುದು ಹೊಸದು ಅಂತ ಅವರಿಗೆ ಇವತ್ತಿಗೂ ಗೊತ್ತಾಗಿಲ್ಲ.

ದೊಡ್ಡ ಬೆಂಕಿಯ ಆಸೆ ಹುಟ್ಟಿಸಿದ್ದು ಒಂದು ಹೋಂಸ್ಟೇ ಆರ್ಡರ್. 40 ಮಿಲಿಮೀಟರಿನ ಗಾಜಿನ ಗೋಲಿ ಬೇಕು, ಒಳಗೆ ಬಿಳಿ ಕಾಫಿ ಹೂವು ಕಾಣಬೇಕು, ಮೂವತ್ತು ಪೀಸ್. ಇಷ್ಟು ದಪ್ಪದ ಕೆಲಸಕ್ಕೆ ನಾನು ಬೋರೋಸಿಲಿಕೇಟ್ ಗಾಜೇ ಬೇಕು ಅಂದುಕೊಂಡೆ, ಲ್ಯಾಬಿನ ಬೀಕರ್ ಮಾಡುವ ಗಾಜು. ಬಿಸಿಗೆ ಅದು ಹಿಗ್ಗುವುದು ಮೆದು ಗಾಜಿನ ಮೂರನೇ ಒಂದು ಭಾಗ ಮಾತ್ರ. ಹಾಗಾಗಿ ಕೆಲಸದ ನಡುವೆ ಸುಮ್ಮನೆ ಸಿಡಿಯುವುದು ಕಮ್ಮಿ. ಆದರೆ ಮೆತ್ತಗಾಗಲಿಕ್ಕೆ 820 ಡಿಗ್ರಿ ದಾಟಬೇಕು, ಬೇಕಾದ ಹಾಗೆ ಹರಿಯಬೇಕಾದರೆ 1,200ರ ಮೇಲೆ ಹೋಗಬೇಕು.

ಹೂವು ಮಾಡುವ ಕ್ರಮ ಹೀಗೆ. ದಪ್ಪ ಕಡ್ಡಿಯ ತುದಿ ಕಾಯಿಸಿ, ಅಣಬೆಯ ಕೊಡೆಯ ಹಾಗೆ ಚಪ್ಪಟೆ ಮಾಡಬೇಕು. ಅದರ ಮೇಲೆ ಐದು ಬಿಳಿ ಚುಕ್ಕಿ ಇಡಬೇಕು, ಕಾಫಿ ಹೂವಿಗೂ ಸಾಮಾನ್ಯವಾಗಿ ಐದು ಎಸಳು. ಆಮೇಲೆ ಕೊಡೆಯ ಅಂಚನ್ನು ಮಾತ್ರ ಕಾಯಿಸುತ್ತಾ ತಿರುಗಿಸುತ್ತಿದ್ದರೆ ಅಂಚು ಒಳಗೆ ಮಡಚಿಕೊಳ್ಳುತ್ತದೆ. ಚುಕ್ಕಿಗಳು ಅದರ ಜೊತೆ ಒಳಗೆ ಎಳೆದುಕೊಂಡು ಉದ್ದ ಎಸಳಾಗುತ್ತವೆ. ಮೈನರಿನಲ್ಲಿ ಈ ಕಡೆ ಕಾದರೆ ಆ ಕಡೆ ತಣ್ಣಗಾಗುತ್ತಿತ್ತು. ಎಸಳು ಒಳಗೆ ಇಳಿಯುತ್ತಲೇ ಇರಲಿಲ್ಲ, ಮೇಲೆಯೇ ಮುದುಡಿ ನಿಲ್ಲುತ್ತಿತ್ತು. ಒಂದು ಗೋಲಿಗೆ ಎರಡು ಗಂಟೆ, ಅದೂ ನೋಡಲಿಕ್ಕೆ ಅಗಿದು ಉಗಿದ ಸುಣ್ಣದ ಹಾಗೆ.

ಅಲ್ಲಿ ತಪ್ಪು ಮಾಡಿದೆ. ಒಬ್ಬ ಮಾರಾಟಗಾರರಿಗೆ ಫೋನ್ ಹಾಕಿದೆ. "ಮೇಡಂ, ನಿಮ್ಮ ಕಾನ್ಸಂಟ್ರೇಟರ್ ಇದಕ್ಕೂ ನಡೆಯುತ್ತೆ" ಅಂದರು. ದೊಡ್ಡ ಮೂತಿಯ, ತುಂಬಾ ತೂತುಗಳಿದ್ದ ಬರ್ನರ್ ಬಂತು. ಹೆಸರು ಬೇಡ ಬಿಡಿ, ಬರ್ನರಿನ ತಪ್ಪಲ್ಲ. ಹಚ್ಚಿದರೆ ಬೆಂಕಿ ದೊಡ್ಡದಾಗೇ ಬಂತು, ಆದರೆ ಹಳದಿ, ಉದ್ದ, ಸೋಮಾರಿ. ತಣ್ಣನೆಯ ಬೆಂಕಿ. ಪರೀಕ್ಷೆಗೆ ಟರ್ಕಾಯ್ಸ್, ಅಂದರೆ ಹಸಿರು ಮಿಶ್ರಿತ ನೀಲಿ ಬಣ್ಣದ ಮೆದು ಗಾಜಿನ ಕಡ್ಡಿ ಹಿಡಿದೆ. ಮೇಲೆ ಹಳೇ ತಾಮ್ರದ ಚೊಂಬಿನ ಹಾಗೆ ಕೆಂಪು ಪೊರೆ ಬಂತು. ಆ ಬಣ್ಣ ಬರುವುದೇ ತಾಮ್ರದಿಂದ. ಬೆಂಕಿಗೆ ಆಕ್ಸಿಜನ್ ಸಾಲದಿದ್ದರೆ ಅದು ಹಾಗೆ ಮೇಲೆ ಕಾಣಿಸಿಕೊಳ್ಳುತ್ತದೆ.

ಆಮೇಲೆ ಪೆನ್ನು ಹಿಡಿದು ಕೂತೆ. ಮೊದಲೇ ಕೂರಬೇಕಿತ್ತು. ಒಂದು ಲೀಟರ್ ಪ್ರೋಪೇನ್ ಪೂರ್ತಿ ಉರಿಯಲಿಕ್ಕೆ 5 ಲೀಟರ್ ಆಕ್ಸಿಜನ್ ಬೇಕು, ಬ್ಯೂಟೇನಿಗೆ ಆರೂವರೆ. ನಮ್ಮ ಎಲ್‌ಪಿಜಿ ಇವೆರಡರ ಮಿಶ್ರಣ. ಅಂದರೆ ಗ್ಯಾಸ್ ಎಷ್ಟಾದರೂ ಬರಲಿ, ಮೊದಲು ಸಾಲದೆ ಬರುವುದು ಆಕ್ಸಿಜನ್. ಜೊತೆಗೆ ಮನೆಯ ಕಾನ್ಸಂಟ್ರೇಟರ್ ಕೊಡುವುದು ಶೇಕಡ 93ರ ಆಸುಪಾಸಿನ ಆಕ್ಸಿಜನ್, ಅದೂ ಕಮ್ಮಿ ಒತ್ತಡದಲ್ಲಿ. ದೊಡ್ಡ ಬರ್ನರ್ ನಿಮಿಷಕ್ಕೆ 25 ಲೀಟರ್ ಕೇಳುವಾಗ 5 ಲೀಟರ್ ಕೊಟ್ಟರೆ ಅದು ಇನ್ನೇನು ಮಾಡಬೇಕು?

ಸಿಲಿಂಡರ್ ಇಡೋಣ ಅಂದರೆ ಅದಕ್ಕೂ ಲೆಕ್ಕವಿದೆ. ವೆಲ್ಡಿಂಗ್ ಅಂಗಡಿಯಲ್ಲಿರುವ ದೊಡ್ಡ ಸಿಲಿಂಡರಿನಲ್ಲಿ 7 ಘನ ಮೀಟರ್, ಅಂದರೆ 7,000 ಲೀಟರ್. ನಿಮಿಷಕ್ಕೆ 25ರಂತೆ ಸುಟ್ಟರೆ 280 ನಿಮಿಷ, ಐದು ಗಂಟೆಯೂ ಇಲ್ಲ. ಕುಶಾಲನಗರದ ವೆಲ್ಡಿಂಗ್ ಶಾಪಿನ ಅಣ್ಣನನ್ನು ಕೇಳಿದೆ. "ಅಕ್ಕಾ, ತಂದು ಕೊಡ್ತೀನಿ. ಆದ್ರೆ ಮಳೆಗಾಲದಲ್ಲಿ ನಿಮ್ಮ ಮನೆಯ ಆ ಏರಿನಲ್ಲಿ ವಾರಕ್ಕೆ ನಾಲ್ಕು ಸಿಲಿಂಡರ್ ಹತ್ತಿಸೋಕೆ ಆಗಲ್ಲ. ಒಂದು ಆಗುತ್ತೆ."

ವಾರಕ್ಕೆ ಒಂದು. ಬರ್ನರ್ ಆಯ್ಕೆ ಅಲ್ಲಿಗೇ ಮುಗಿಯಿತು ಅನ್ನಬಹುದು. ಕಾನ್ಸಂಟ್ರೇಟರಿನಲ್ಲಿ ದಿನವಿಡೀ ಓಡುವ ಸಣ್ಣ ಬೆಂಕಿ ಬೇಕು, ಬೇಕಾದ ಹತ್ತು ನಿಮಿಷ ಮಾತ್ರ ಸಿಲಿಂಡರ್ ಕುಡಿಯುವ ದೊಡ್ಡ ಬೆಂಕಿಯೂ ಬೇಕು, ಎರಡೂ ಒಂದೇ ಬರ್ನರಿನಲ್ಲಿ. ಅಂಥವು ಇವೆ. ನಡುವೆ ಒಂದು ಬೆಂಕಿ, ಸುತ್ತ ಇನ್ನೊಂದು ಬಳೆ, ಪ್ರತಿಯೊಂದಕ್ಕೂ ಗ್ಯಾಸಿಗೆ ಬೇರೆ, ಆಕ್ಸಿಜನ್ನಿಗೆ ಬೇರೆ ನಾಬ್. ಒಟ್ಟು ನಾಲ್ಕು. ಅಮೆರಿಕದ ಕಾರ್ಲೈಲ್, ಬೆಥ್ಲೆಹೆಮ್, ಜಿಟಿಟಿ ಮೂವರೂ ಈ ಥರದ್ದು ಮಾಡುತ್ತಾರೆ. ನಾನು ತೆಗೆದುಕೊಂಡಿದ್ದು ಕಾರ್ಲೈಲಿನ ಮಿನಿ ಸಿಸಿ, ಒಬ್ಬರು ಬಳಸಿ ಬಿಟ್ಟಿದ್ದು. ಸರ್ಫೇಸ್ ಮಿಕ್ಸ್ ಅಂತಾರೆ ಇದಕ್ಕೆ. ಗ್ಯಾಸು, ಆಕ್ಸಿಜನ್ನು ಮೂತಿಯಿಂದ ಹೊರಗೆ ಬಂದ ಮೇಲೇ ಬೆರೆಯುತ್ತವೆ. ಒಳಗೇ ಬೆರೆಯುವ ಬರ್ನರಿನಲ್ಲಿ ಬೆಂಕಿ ತೀರಾ ಸಣ್ಣ ಮಾಡಿದರೆ ಟಪ್ ಅಂತ ಒಳಕ್ಕೆ ಹೊಡೆಯುತ್ತದೆ. ಇದರಲ್ಲಿ ಆ ಭಯವಿಲ್ಲ. ಹಾಗಂತ ಬೆಂಕಿ ಪೈಪಿನೊಳಗೆ ಹಿಂದಕ್ಕೆ ಹೋಗದ ಹಾಗೆ ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಬಿಡಬೇಡಿ. ಎರಡೂ ಲೈನಿಗೆ ಹಾಕಿದ್ದೇನೆ.

ಒಳಗಿನ ಬೆಂಕಿಗೆ 10 ಲೀಟರಿನ ಕಾನ್ಸಂಟ್ರೇಟರ್, ಹೊರಬಳೆಗೆ ಸಿಲಿಂಡರ್. ಈಗ ಅಣಬೆ ಮಾಡುವುದು, ಚುಕ್ಕಿ ಇಡುವುದು ಎಲ್ಲ ಒಳಬೆಂಕಿಯಲ್ಲಿ. ಅಂಚು ಮಡಚುವಾಗ, ಕೊನೆಗೆ ಉರುಟು ಮಾಡುವಾಗ ಮಾತ್ರ ಹೊರಬಳೆ ತೆಗೆಯುತ್ತೇನೆ. ಮೂತಿಯ ಹತ್ತಿರ ಸಣ್ಣ ಸಣ್ಣ ನೀಲಿ ಮೊಗ್ಗು ಚೂಪಾಗಿ ನಿಂತರೆ ಆಕ್ಸಿಜನ್ ಸರಿ ಇದೆ ಅಂತ. ಒಂದು ಗೋಲಿಗೆ ಈಗ ಮುಕ್ಕಾಲು ಗಂಟೆ. ಸಿಲಿಂಡರ್ ಹತ್ತು ಹನ್ನೆರಡು ದಿನ ಬರುತ್ತದೆ.

ಗ್ಯಾಸಿನ ಕಡೆ ಇನ್ನೊಂದು ಪಾಠ ಕಾದಿತ್ತು. ಅಡುಗೆಮನೆಯ ರೆಗ್ಯುಲೇಟರ್ ಕೊಡುವ ಒತ್ತಡ ಅರ್ಧ ಪಿಎಸ್‌ಐ ಕೂಡ ಇಲ್ಲ, ಈ ಬರ್ನರಿಗೆ ಅದು ಏನೂ ಅಲ್ಲ. ಮನೆ ಸಿಲಿಂಡರನ್ನು ಇಂಥ ಕೆಲಸಕ್ಕೆ ಬಳಸುವ ಹಾಗೂ ಇಲ್ಲ. 19 ಕೆಜಿಯ ಕಮರ್ಷಿಯಲ್ ಸಿಲಿಂಡರ್, ಹೈ ಪ್ರೆಶರ್ ರೆಗ್ಯುಲೇಟರ್, ಎಲ್‌ಪಿಜಿಗೆಂದೇ ಬರುವ ಹೋಸ್ ಹಾಕಿಸಿದೆ. ಗ್ಯಾಸಿನ ನಟ್ಟು ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಆಕ್ಸಿಜನ್ನಿನದು ಬಲಕ್ಕೆ. ಮೊದಲ ದಿನ ಸ್ಪ್ಯಾನರ್ ಹಿಡಿದು ಅರ್ಧ ಗಂಟೆ ಒದ್ದಾಡಿದ್ದೇನೆ. ಆಕ್ಸಿಜನ್ ಕಡೆಯ ನಟ್ಟಿಗೆ ಎಣ್ಣೆ, ಗ್ರೀಸ್ ಮುಟ್ಟಿಸಲೇಬಾರದು, ಹೊತ್ತಿಕೊಳ್ಳುತ್ತದೆ.

ಕಕ್ಕಡ ತಿಂಗಳ ಮಳೆಯಲ್ಲಿ ಒಂದು ಮಧ್ಯಾಹ್ನ ಬೆಂಕಿ ತಾನೇ ಕುಗ್ಗತೊಡಗಿತು. ನಾಬ್ ತಿರುಗಿಸಿದೆ, ಏನೂ ಇಲ್ಲ. ಹೊರಗೆ ಹೋಗಿ ನೋಡಿದರೆ ಸಿಲಿಂಡರಿನ ಕೆಳಗಿನ ಅರ್ಧಕ್ಕೆ ಬಿಳಿ ಮಂಜು ಕಟ್ಟಿತ್ತು. ಒಳಗಿನ ದ್ರವ ಗ್ಯಾಸಾಗುವಾಗ ಸಿಲಿಂಡರಿನ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಗ್ಯಾಸಾಗುವುದನ್ನೇ ನಿಲ್ಲಿಸುತ್ತದೆ. ಅತ್ತೆ ಬಿಸಿನೀರು ತಂದರು, ಬೇಡ ಅಂದೆ. ಸಿಲಿಂಡರ್ ಕಾಯಿಸುವ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ಏಜೆನ್ಸಿಯವರಿಂದಲೇ ಎರಡು ಸಿಲಿಂಡರ್ ಜೋಡಿಸಿ ಒಂದೇ ಲೈನಿಗೆ ಕೊಡಿಸಿದೆ. ಹೊರೆ ಹಂಚಿಹೋಗುತ್ತದೆ, ಮಂಜು ಕಟ್ಟುವುದಿಲ್ಲ. ಎರಡನ್ನೂ ಗೋದಾಮಿನ ಹೊರಗೆ, ಇಳಿಜಾರಿನ ಕೆಳಗಿನ ಕಡೆ ಇಟ್ಟಿದ್ದೇವೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ. ಮೇಲ್ಗಡೆ ಇಟ್ಟರೆ ನೇರ ನನ್ನ ಟೇಬಲ್ಲಿನ ಕೆಳಗೇ ಬಂದು ಕೂರುತ್ತದೆ, ಅಲ್ವಾ?

ಬೆಂಕಿ ದೊಡ್ಡದಾದರೆ ಹೊಗೆಯೂ ದೊಡ್ಡದು, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಮಳೆ ಅಂತ ಕಿಟಕಿ ಮುಚ್ಚಿ ಕೂತ ಮೊದಲ ವಾರ ಸಂಜೆಯಾದರೆ ತಲೆನೋವು. ಈಗ ಟೇಬಲ್ಲಿನ ಮೇಲೆ ಹುಡ್ ಮತ್ತು ಎಕ್ಸಾಸ್ಟ್ ಫ್ಯಾನ್ ಇದೆ, ಎದುರಿನ ಬಾಗಿಲು ಅರ್ಧ ತೆರೆದೇ ಇರುತ್ತದೆ. ಎರಚಲು ಬಡಿಯಲಿ ಬಿಡಿ. ಕನ್ನಡಕವೂ ಬದಲಾಯಿತು. ಮಣಿಗೆ ಹಾಕುತ್ತಿದ್ದ ಡಿಡೀಮಿಯಂ ಕನ್ನಡಕ ಸೋಡಿಯಂನ ಹಳದಿ ಬೆಳಕನ್ನು ತಡೆಯುತ್ತದೆ, ಬೋರೋ ಗಾಜಿನ ಬಿಸಿ ಹೊಳಪಿಗೆ ಅದು ಸಾಲದು. ಅದರ ಮೇಲೆ ವೆಲ್ಡಿಂಗ್ ಶೇಡ್ ಕ್ಲಿಪ್ ಹಾಕಿಕೊಳ್ಳುತ್ತೇನೆ.

ಕರೆಂಟ್ ಹೋದರೆ ಕಾನ್ಸಂಟ್ರೇಟರ್ ತಕ್ಷಣ ನಿಲ್ಲುತ್ತದೆ, ಒಳಬೆಂಕಿ ಹಳದಿಗೆ ತಿರುಗುತ್ತದೆ. ಆಗ ಗೋಲಿ ಕೈಯಲ್ಲಿದ್ದರೆ ಹೊರಬಳೆ ತೆರೆದು ಸಿಲಿಂಡರ್ ಮೇಲೆ ಮುಗಿಸುತ್ತೇನೆ. ಫ್ಯಾನೂ ನಿಂತಿರುತ್ತದೆ, ಹಾಗಾಗಿ ಎರಡೂ ಬಾಗಿಲು ತೆರೆದು ಬೇಗ ಬೇಗ. ಮುಗಿದ ಗೋಲಿಯನ್ನು ಸಿಡಿಯದ ಹಾಗೆ ನಿಧಾನಕ್ಕೆ ತಣಿಸುವ ಕಿಲ್ನ್ (ಗೂಡು) ಕರೆಂಟಿನದ್ದೇ, ಆದರೆ 565 ಡಿಗ್ರಿಯಲ್ಲಿದ್ದುದು ಅಷ್ಟು ಬೇಗ ಇಳಿಯುವುದಿಲ್ಲ, ಬಾಗಿಲು ತೆಗೆಯದಿದ್ದರೆ ಸ್ವಲ್ಪ ಹೊತ್ತು ತಡೆಯುತ್ತದೆ. ಮೂವತ್ತರಲ್ಲಿ ನಾಲ್ಕು ಗೋಲಿ ಹೀಗೆ ಕತ್ತಲಲ್ಲೇ ಮುಗಿದವು. ಅದರಲ್ಲಿ ಒಂದು ಸೀಳಿತು, ಅದು ಈಗ ಅತ್ತೆಯ ದೇವರಕೋಣೆಯಲ್ಲಿದೆ.

ಆ ಮೊದಲ ದೊಡ್ಡ ಬರ್ನರನ್ನು ಬೆಂಗಳೂರಿನಲ್ಲಿ ಲ್ಯಾಬ್ ಗಾಜು ಊದುವವರೊಬ್ಬರಿಗೆ ಮಾರಿದೆ. ಅವರ ಕಡೆ ಪೈಪಿನಲ್ಲೇ ಆಕ್ಸಿಜನ್ ಬರುತ್ತದಂತೆ. "ಒಳ್ಳೇ ಬರ್ನರ್, ಯಾಕೆ ಕೊಟ್ರಿ?" ಅಂತ ಕೇಳಿದರು. ನಮ್ಮ ಮನೆಯ ಏರು ದಾರಿಯ ಫೋಟೋ ಕಳಿಸಿದೆ.