ಕ್ಯಾಮೆರಾ ಕೊಳ್ಳುವ ಮುಂಚೆ ಒಂದು ಹಾಳೆ, ಒಂದು ಪೆನ್ನು

ರಂಗನತಿಟ್ಟಿನ ದೋಣಿಯಲ್ಲಿ ನನ್ನ ಪಕ್ಕ ಕೂತಿದ್ದವರ ಕೈಯಲ್ಲಿ ಹೊಚ್ಚ ಹೊಸ ಫುಲ್ ಫ್ರೇಮ್ ಕ್ಯಾಮೆರಾ ಇತ್ತು. ಸ್ಕ್ರೀನಿನ ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ಕಿತ್ತಿರಲಿಲ್ಲ. ಲೆನ್ಸ್ ಮಾತ್ರ 28-70 ಮಿ.ಮೀ., ದೂರದ್ದನ್ನು ಹತ್ತಿರ ತರುವಂಥದ್ದಲ್ಲ. ಮರದ ತುದಿಯಲ್ಲಿ ಕೂತಿದ್ದ ಬಣ್ಣದ ಕೊಕ್ಕರೆ ಅವರ ಫೋಟೋದಲ್ಲಿ ಸಾಸಿವೆ ಕಾಳಿನಷ್ಟಿತ್ತು. "ಸರ್, ಇದಕ್ಕೆ ದೊಡ್ಡ ಝೂಮ್ ಎಷ್ಟಾಗುತ್ತೆ?" ಅಂತ ಕೇಳಿದರು. ಹೇಳಿದೆ. ಕ್ಯಾಮೆರಾಕ್ಕೆ ಕೊಟ್ಟಷ್ಟೇ ದುಡ್ಡು ಮತ್ತೆ ಬೇಕು ಅಂತ ಗೊತ್ತಾದ ಮೇಲೆ ದೋಣಿ ದಡ ಸೇರುವವರೆಗೂ ಅವರು ಮಾತಾಡಲಿಲ್ಲ.

ಇಂಥವರನ್ನು ತುಂಬಾ ಜನ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು ದುಡ್ಡು. ಕೈಯಲ್ಲಿ ಎಷ್ಟಿದೆಯೋ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಡಿ ಮೇಲೆ, ಅಂದರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾದ ಮೇಲೆ, ಹಾಕಬೇಡಿ. ಅಷ್ಟೇ.

ಎರಡನೆಯದು, ನೀವು ನಿಜವಾಗಿ ಏನು ತೆಗೆಯುತ್ತೀರಿ ಅನ್ನುವುದು. ಏನು ತೆಗೆಯಬೇಕು ಅಂತ ಆಸೆ ಇದೆ ಅನ್ನುವುದಲ್ಲ. ಮೊಬೈಲ್ ತೆರೆದು ಕಳೆದ ಒಂದು ವರ್ಷದ ಫೋಟೋಗಳನ್ನು ನೋಡಿ. ಈಗಿನ ಫೋನುಗಳ ಮುಖ್ಯ ಕ್ಯಾಮೆರಾ ಸುಮಾರು 24 ಮಿ.ಮೀ. ಲೆನ್ಸ್‌ನಷ್ಟು ಅಗಲ ನೋಡುತ್ತದೆ. ನೀವು ಯಾವಾಗಲೂ ಅದರಲ್ಲೇ ತೆಗೆದಿದ್ದರೆ ನಿಮಗೆ ದೊಡ್ಡ ಝೂಮ್ ಬೇಕಿಲ್ಲ. ಪ್ರತಿ ಸಲ ಎರಡು ಬೆರಳಿಂದ ಹಿಗ್ಗಿಸಿ, ಮಸುಕಾದ ಫೋಟೋ ನೋಡಿ ಬೈದುಕೊಂಡಿದ್ದರೆ ಬೇಕು.

ಮೂರನೆಯದು ಸೆನ್ಸರ್, ಅಂದರೆ ಲೆನ್ಸಿನಿಂದ ಬಂದ ಬೆಳಕನ್ನು ಚಿತ್ರವಾಗಿಸುವ ಚಿಪ್. ಫುಲ್ ಫ್ರೇಮ್ ಅಂದರೆ 36x24 ಮಿ.ಮೀ. ಎಪಿಎಸ್-ಸಿ ಅದಕ್ಕಿಂತ ಚಿಕ್ಕದು. ಮೈಕ್ರೋ ಫೋರ್ ಥರ್ಡ್ಸ್ ಇನ್ನೂ ಚಿಕ್ಕದು. ಚಿಕ್ಕದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ: 300 ಮಿ.ಮೀ. ಲೆನ್ಸ್ ಎಪಿಎಸ್-ಸಿಯಲ್ಲಿ ಸುಮಾರು 450ರಂತೆ, ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 600ರಂತೆ ಫ್ರೇಮ್ ತುಂಬುತ್ತದೆ. ಮಂದ ಬೆಳಕಿನಲ್ಲಿ ಫುಲ್ ಫ್ರೇಮ್ ಗೆಲ್ಲುತ್ತದೆ, ಒಪ್ಪುತ್ತೇನೆ. ಆದರೆ ಮದುವೆ ಫೋಟೋ ತೆಗೆದು ಸಂಪಾದಿಸುವವರನ್ನು ಬಿಟ್ಟರೆ ಮಿಕ್ಕವರಿಗೆ ಎಪಿಎಸ್-ಸಿ ಸಾಕು ಅನ್ನುವುದು ನನ್ನ ಹಟ.

ಈಗ ಜನ ಎಡವುವ ಜಾಗಕ್ಕೆ ಬರೋಣ. ಮೌಂಟ್. ಅಂದರೆ ಲೆನ್ಸ್ ಕೂರುವ ಆ ಲೋಹದ ಬಳೆ. ಬಾಡಿಯನ್ನು ಮೂರು ವರ್ಷಕ್ಕೆ ಬದಲಾಯಿಸಬಹುದು, ಮೌಂಟ್ ಮಾತ್ರ ಬೀಗತನ ಇದ್ದ ಹಾಗೆ. ಒಂದು ಮೌಂಟಿಗೆ ನಾಲ್ಕು ಲೆನ್ಸ್ ಕೊಂಡಿರೋ, ಆಮೇಲೆ ಆ ಮನೆ ಬಿಟ್ಟು ಬರುವುದು ಕಷ್ಟ.

ಸೋನಿಯ ಇ ಮೌಂಟ್ 2010ರಿಂದ ಇದೆ. ಫ್ಯೂಜಿಯ ಎಕ್ಸ್ ಮೌಂಟ್ 2012ರಿಂದ. ಕ್ಯಾನನ್ ಆರ್‌ಎಫ್, ನಿಕಾನ್ ಝಡ್ ಎರಡೂ 2018ರವು. ಮೊದಲು ಬಂದಿದ್ದರಿಂದ ಸೋನಿಗೆ ಸಿಗ್ಮಾ, ಟ್ಯಾಮ್ರಾನ್‌ನಂಥ ಬೇರೆ ಕಂಪನಿಗಳ ಲೆನ್ಸ್ ಧಾರಾಳವಾಗಿ ಸಿಗುತ್ತವೆ. ಕ್ಯಾನನ್ ಬಹಳ ಕಾಲ ಆರ್‌ಎಫ್ ಬಾಗಿಲು ಮುಚ್ಚಿಕೊಂಡೇ ಇತ್ತು. 2024ರಲ್ಲಿ ಎಪಿಎಸ್-ಸಿ ಲೆನ್ಸ್‌ಗಳಿಗೆ ಸಿಗ್ಮಾ, ಟ್ಯಾಮ್ರಾನ್‌ಗಳನ್ನು ಒಳಗೆ ಬಿಟ್ಟುಕೊಂಡಿತು. ಫೋಟೋ ಗುಣಮಟ್ಟದಲ್ಲಿ ಇವರೆಲ್ಲ ಹೆಚ್ಚುಕಡಿಮೆ ಒಂದೇ. ಯೂಟ್ಯೂಬಿನಲ್ಲಿ ಫೋಟೋವನ್ನು ನಾನೂರು ಪಟ್ಟು ಹಿಗ್ಗಿಸಿ ಜಗಳ ಆಡುವವರನ್ನು ನೋಡಿ ಸುಮ್ನೆ ಟೈಮ್ ಹಾಳು ಮಾಡಬೇಡಿ.

ಒಂದು ಹಾಳೆ ತಗೊಳ್ಳಿ. ಪ್ರತಿ ಮೌಂಟಿಗೂ ಮೂರು ಲೆನ್ಸ್ ಬರೆಯಿರಿ. ಒಂದು ದಿನಬಳಕೆಯದು. ಇನ್ನೊಂದು ದೀಪದ ಬೆಳಕಲ್ಲಿ ಮಗುವಿನ ಮುಖ ತೆಗೆಯುವಂಥದ್ದು, ಎಫ್ 1.8 ಅಥವಾ 1.4 (ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಬೆಳಕು ಜಾಸ್ತಿ). ಮೂರನೆಯದು ಎರಡು ವರ್ಷ ಬಿಟ್ಟು ಕೊಳ್ಳಬೇಕು ಅಂದುಕೊಂಡಿರುವ ಕನಸಿನ ಲೆನ್ಸ್. ಪಕ್ಕದಲ್ಲಿ ಹೊಸದರ ರೇಟು, ಸೆಕೆಂಡ್ ಹ್ಯಾಂಡ್ ರೇಟು, ಕೊನೆಗೆ ತೂಕ. ತೂಕದ ಕಾಲಂ ಯಾರೂ ಬರೆಯುವುದಿಲ್ಲ, ಆಮೇಲೆ ಕತ್ತು ನೋವು ಅಂತಾರೆ. ಸೋನಿಯ 200-600 ಎರಡು ಕೆಜಿ ದಾಟುತ್ತದೆ. ಕ್ಯಾನನ್ನಿನ ಆರ್‌ಎಫ್ 100-400 ಬರೀ 635 ಗ್ರಾಂ. ಹಾಗಂತ ಅದನ್ನೇ ಆರಿಸಬೇಡಿ, ಅದು 400ರಲ್ಲಿ ಎಫ್ 8. ಕಬಿನಿಯಲ್ಲಿ ಬೆಳಗಿನ ಸಫಾರಿ ಹೊರಟಾಗ ಕಾಡಿನೊಳಗೆ ಬೆಳಕೇ ಇರುವುದಿಲ್ಲ, ಆಗ ಎಫ್ 8 ಲೆನ್ಸ್ ಹಿಡಿದವರ ಫೋಟೋದಲ್ಲಿ ಹುಲಿಗಿಂತ ಕಾಳುಕಾಳು ನಾಯ್ಸೇ ಜಾಸ್ತಿ.

"ಮುಂದೆ ಫುಲ್ ಫ್ರೇಮ್‌ಗೆ ಹೋಗ್ತೀನಿ, ಅದಕ್ಕೆ ಒಂದೇ ಮೌಂಟ್ ಇರೋದು ತಗೋತೀನಿ" ಅನ್ನುವವರಿಗೆ ಒಂದು ಮಾತು. ಎಪಿಎಸ್-ಸಿಗೆಂದೇ ಮಾಡಿದ ಲೆನ್ಸನ್ನು ಫುಲ್ ಫ್ರೇಮ್ ಬಾಡಿಗೆ ಹಾಕಿದರೆ ಕೂರುತ್ತದೆ, ಆದರೆ ಚಿತ್ರದ ನಡುಭಾಗ ಮಾತ್ರ ಸಿಗುತ್ತದೆ. 24 ಮೆಗಾಪಿಕ್ಸೆಲ್ ಸುಮಾರು 10ಕ್ಕೆ ಇಳಿಯುತ್ತದೆ. ಆಗ ಲೆನ್ಸ್ ಎಲ್ಲಾ ಮತ್ತೆ ಕೊಳ್ಳಲೇಬೇಕು, ಅಲ್ವಾ?

ಮನೆಯಲ್ಲಿ ಹಳೆ ಲೆನ್ಸ್ ಇದ್ದರೆ ಲೆಕ್ಕ ಬೇರೆ. ಕ್ಯಾನನ್ನಿನ ಹಳೆ ಇಎಫ್ ಮೌಂಟಿನ ಲೆನ್ಸ್‌ಗಳು ಅಡಾಪ್ಟರ್ (ಲೆನ್ಸ್, ಬಾಡಿ ನಡುವೆ ಕೂರುವ ಜೋಡಣೆ ಬಳೆ) ಹಾಕಿದರೆ ಆರ್‌ಎಫ್ ಬಾಡಿಯಲ್ಲಿ ಚೆನ್ನಾಗಿ ಫೋಕಸ್ ಆಗುತ್ತವೆ. ನಿಕಾನಿನ ಹಳೆ ಎಎಫ್-ಡಿ ಲೆನ್ಸ್‌ಗಳೊಳಗೆ ಫೋಕಸ್ ಮಾಡುವ ಮೋಟಾರ್ ಇಲ್ಲ. ಅವನ್ನು ಝಡ್ ಬಾಡಿಗೆ ಕೂರಿಸುವ ಕಂಪನಿಯ ಎಫ್‌ಟಿಝಡ್ ಅಡಾಪ್ಟರಿನಲ್ಲೂ ಇಲ್ಲ. ಹಾಗಾಗಿ ಅಪ್ಪನ ಕಾಲದ ಲೆನ್ಸನ್ನು ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. ಇನ್ನು ಕ್ಯಾನನ್ ಇಎಫ್-ಎಂ ಸೆಟ್ ಯಾರಾದರೂ ಕಡಿಮೆಗೆ ಕೊಡುತ್ತೇನೆ ಅಂದರೆ ಕೈಮುಗಿದು ಬನ್ನಿ. 2012ರಲ್ಲಿ ಶುರುವಾದ ಆ ಮೌಂಟ್ ನಿಂತೇ ಹೋಗಿದೆ. ಅದರ ಲೆನ್ಸ್ ಸೆನ್ಸರಿನಿಂದ 18 ಮಿ.ಮೀ. ದೂರ ಕೂರಬೇಕು, ಆರ್‌ಎಫ್ ಬಾಡಿಯಲ್ಲಿ ಬಳೆಯೇ 20 ಮಿ.ಮೀ. ದೂರ ಇದೆ. ನಡುವೆ ಅಡಾಪ್ಟರ್ ತೂರಿಸಲು ಜಾಗ ಎಲ್ಲಿದೆ?

ಹಾಳೆ ತುಂಬಿದ ಮೇಲೆ ಉತ್ತರ ತಾನಾಗಿ ಕಾಣುತ್ತದೆ. ನನ್ನನ್ನು ಕೇಳಿದರೆ ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಬಿಟ್ಟು ಬರೀ ಎಪಿಎಸ್-ಸಿ ಬಾಡಿ, ಜೊತೆಗೆ ಸಿಗ್ಮಾ 18-50 ಎಫ್ 2.8 ತಗೊಳ್ಳಿ ಅಂತೀನಿ. ಸೋನಿ, ಫ್ಯೂಜಿ, ಕ್ಯಾನನ್ ಮೂರಕ್ಕೂ ಸಿಗುತ್ತದೆ.

ಬಾಡಿ ಮೇಲೆ ದುಡ್ಡು ಸುರಿಯುವ ಮೊದಲು ಕ್ಯಾಮೆರಾ ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ದಿನದ ಲೆಕ್ಕಕ್ಕೆ ಕ್ಯಾಮೆರಾ ಕೊಡುವವರು ಬೇಕಾದಷ್ಟಿದ್ದಾರೆ. ಬೇರೆ ಊರಲ್ಲಿದ್ದರೆ ಅಂಗಡಿಗೆ ನಿಮ್ಮದೇ ಮೆಮೊರಿ ಕಾರ್ಡ್ ತಗೊಂಡು ಹೋಗಿ. ಕನ್ನಡಕ ಹಾಕಿಕೊಂಡೇ ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ, ನೋಡಿ, ನಾಲ್ಕೂ ಮೂಲೆ ಕಾಣಬೇಕು. ಆಮೇಲೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿ, ಅಂಗಡಿಯ ಎಲ್‌ಇಡಿ ಬೆಳಕಲ್ಲಿ ಸೆಕೆಂಡಿನ ಸಾವಿರದಲ್ಲೊಂದು ವೇಗದಲ್ಲಿ ಒಂದು ಫೋಟೋ ತೆಗೆಯಿರಿ. ಅಡ್ಡಡ್ಡ ಪಟ್ಟೆ ಬಂದರೆ ಕಲ್ಯಾಣ ಮಂಟಪದಲ್ಲೂ ಬರುತ್ತದೆ. ಅಂಥ ಬಾಡಿಯಲ್ಲಿ ಮೆಕ್ಯಾನಿಕಲ್ ಶಟರ್ (ಪರದೆಯಂತೆ ತೆರೆದು ಮುಚ್ಚುವಂಥದ್ದು) ಇದೆಯೇ ಅಂತ ಕೇಳಿ, ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಅದೇ ಇರುವುದಿಲ್ಲ.

ಕೊಳ್ಳುವಾಗ ಜಿಎಸ್‌ಟಿ ಬಿಲ್, ಭಾರತದ ವಾರಂಟಿ ಎರಡೂ ಬೇಕು. "ಬಿಲ್ ಇಲ್ಲದೆ ಕಡಿಮೆಗೆ ಕೊಡ್ತೀನಿ" ಅಂದರೆ ಬೇಡ. ಸೆಕೆಂಡ್ ಹ್ಯಾಂಡ್ ಲೆನ್ಸ್ ಆದರೆ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಒಳಗೆ ಜೇಡರ ಬಲೆಯಂತೆ ಎಳೆ ಕಂಡರೆ ಅದು ಫಂಗಸ್. ಫ್ರೀ ಬ್ಯಾಗು, ಫ್ರೀ ಟ್ರೈಪಾಡ್ ಅಂದರೆ ಅದರ ಬದಲು ರೇಟು ಇಳಿಸಿ ಅನ್ನಿ, ಆ ಟ್ರೈಪಾಡ್ ಬಟ್ಟೆ ಒಣಗಿಸಲೂ ಬರುವುದಿಲ್ಲ. ಅಗ್ಗದ ಬ್ಯಾಟರಿಯಂತೂ ಬೇಡವೇ ಬೇಡ. ನಾನು ಕೊಂಡದ್ದು ಆರು ತಿಂಗಳಿಗೆ ಉಬ್ಬಿ ಕ್ಯಾಮೆರಾದೊಳಗೇ ಸಿಕ್ಕಿಕೊಂಡಿತ್ತು, ಚಿಮಟದಲ್ಲಿ ಎಳೆದು ತೆಗೆದೆ.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಲೆನ್ಸನ್ನು ಬ್ಯಾಗಿನಲ್ಲಿ ಇಡಬೇಡಿ. ಚರ್ಮದ ಚೀಲವಂತೂ ಫಂಗಸ್ಸಿಗೆ ತವರುಮನೆ. ಡ್ರೈ ಕ್ಯಾಬಿನೆಟ್ (ಒಳಗಿನ ತೇವ ತಗ್ಗಿಸುವ ಪೆಟ್ಟಿಗೆ) ಕೊಳ್ಳಲು ಆಗದಿದ್ದರೆ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ, ಒಂದು ಹಿಡಿ ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರ್ ಸಾಕು. ಮೀಟರ್ ಶೇಕಡಾ 40ರಿಂದ 50ರ ನಡುವೆ ಇರಲಿ. ಚಕ್ಕುಲಿ ಡಬ್ಬವೂ ಆಗುತ್ತದೆ. ಮನೆಯಲ್ಲಿ ಕೇಳಿ ತಗೊಳ್ಳಿ, ಎಣ್ಣೆ ಜಿಡ್ಡು ಹೋಗುವವರೆಗೆ ತೊಳೆಯಿರಿ.