ಬಾಲ್ಯ ಹೇಳುವವರು ಇಲ್ಲದಾಗ ಆಟಿಸಂ ತಪಾಸಣೆ

ದೊಡ್ಡವರಿಗೆ ಆಟಿಸಂ ಇದೆಯಾ ಅಂತ ನೋಡುವಾಗ ನಮಗೆ ಮೊದಲು ಬೇಕಾಗುವುದು ಅವರ ಅಮ್ಮ. ಮಾತು ಯಾವಾಗ ಬಂತು, ಹೆಸರು ಕರೆದರೆ ತಿರುಗುತ್ತಿದ್ದನಾ, ಓರಗೆಯವರ ಜೊತೆ ಆಡುತ್ತಿದ್ದನಾ? ಶಿರಸಿಯಲ್ಲಿ ನನ್ನ ಹತ್ತಿರ ಬರುವ ನಡುವಯಸ್ಸಿನ ಹಲವರಿಗೆ ತಂದೆತಾಯಿ ಇಲ್ಲ. ಇದ್ದವರೂ 'ಪಾಪದ ಮಾಣಿ, ಗಲಾಟೆ ಇಲ್ಲ' ಎಂದು ಮುಗಿಸುತ್ತಾರೆ.

ಪಾಲಕರನ್ನು ಕೇಳಲೆಂದೇ ಇರುವ ಎಡಿಐ-ಆರ್ ಎಂಬ ಸಂದರ್ಶನ ಆಗ ಉಪಯೋಗಕ್ಕೆ ಬರುವುದಿಲ್ಲ. ಆದರೆ ಮನೋವೈದ್ಯರು ರೋಗ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5, ಒಂದು ದಾರಿ ಇಟ್ಟಿದೆ. ಈಗಿನ ಲಕ್ಷಣ ಅದರ ಮಾನದಂಡಕ್ಕೆ ಹೊಂದಬೇಕು. ಚಿಕ್ಕಂದಿನಲ್ಲಿ ಚೆನ್ನಾಗಿ ಬೆರೆಯುತ್ತಿದ್ದ, ಮಾತಾಡುತ್ತಿದ್ದ ಅನ್ನುವ ಪುರಾವೆ ಇರಬಾರದು. ಪುರಾವೆ ಇಲ್ಲ ಅನ್ನಬೇಕಾದರೆ ಮೊದಲು ಹುಡುಕಿರಬೇಕು, ಅಲ್ವಾ?

ಹಾಗಾಗಿ ಒಪ್ಪಿಗೆ ಬರೆಸಿಕೊಂಡು ಅಕ್ಕ, ದೊಡ್ಡಪ್ಪನ ಮಗ, ಪ್ರಾಥಮಿಕ ಶಾಲೆಯ ಮಾಸ್ತರು, ಯಾರು ಸಿಕ್ಕರೂ ಮಾತಾಡುತ್ತೇನೆ. 'ಚಿಕ್ಕವನಿದ್ದಾಗ ಹೇಗಿದ್ದ?' ಎಂದು ಕೇಳಿದರೆ ಸುಮ್ನೆ 'ಸರಿ ಇದ್ದ' ಅಂತಾರೆ. ಮಾರಿಕಾಂಬಾ ಜಾತ್ರೆಯಲ್ಲಿ ಏನು ಮಾಡುತ್ತಿದ್ದ ಎಂದು ಕೇಳಬೇಕು. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ಯಾವ ವಯಸ್ಸಿನ ಮಾತು ಅನ್ನುವುದೂ ಗೊತ್ತಾಗುತ್ತದೆ. ಒಬ್ಬರ (ಗುರುತು ಬದಲಿಸಿದ್ದೇನೆ) ಅಕ್ಕ ಹೇಳಿದ್ದು: 'ಕಿವಿ ಮುಚ್ಚಿಕೊಂಡು ತಿರುಗುವ ತೊಟ್ಟಿಲಿನ ಮೋಟಾರ್ ನೋಡ್ತಾ ನಿಲ್ತಿದ್ದ, ಹತ್ತು ಅಂದ್ರೆ ಹತ್ತುತ್ತಿರಲಿಲ್ಲ.' ಅಡಿಕೆ ಸುಲಿಯುವ ರಾತ್ರಿ ಎಲ್ಲರೂ ಹರಟುತ್ತಿದ್ದರೆ ಇವರು ಗೋಡೆ ಕಡೆ ತಿರುಗಿ ಅಡಿಕೆಯನ್ನು ಗಾತ್ರದ ಪ್ರಕಾರ ಸಾಲು ಹಚ್ಚುತ್ತಿದ್ದರಂತೆ. ಯಾರಾದರೂ ಸಾಲು ಕೆಡಿಸಿದರೆ ಊಟ ಬಿಡುತ್ತಿದ್ದರಂತೆ.

ಪ್ರಶ್ನಾವಳಿಗಳನ್ನೂ ಕೊಡುತ್ತೇನೆ, ಆದರೆ ಅಂಕ ನೋಡಿ ತೀರ್ಮಾನ ಮಾಡುವುದಿಲ್ಲ. ಆಟಿಸಂ ಗುಣಗಳನ್ನು ತಾವೇ ಗುರುತು ಹಾಕುವ ಎಕ್ಯೂ ಪ್ರಶ್ನಾವಳಿಯ 50 ಹೇಳಿಕೆಗಳಲ್ಲಿ ಪಾರ್ಟಿ, ಮ್ಯೂಸಿಯಂ ಎಲ್ಲ ಬರುತ್ತವೆ. ನಮ್ಮ ಊರಕಡೆಯವರಿಗೆ ಅವು ತಾಗುವುದೇ ಕಮ್ಮಿ. ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು ಅಂತ ಬೆಳೆದವರೂ ಇದ್ದಾರೆ. ಅದಕ್ಕೇ ನಾನು ನೋಟ, ಕೈಸನ್ನೆ, ದನಿ ಒಂದಕ್ಕೊಂದು ಹೊಂದುತ್ತವಾ ಅಂತ ಗಮನಿಸುತ್ತೇನೆ.

ಜಾಸ್ತಿ ಹೊತ್ತು ಹಿಡಿಯುವುದು ಸಾಮಾಜಿಕ ಅಂಜಿಕೆಯಿಂದ ಆಟಿಸಂ ಅನ್ನು ಬೇರೆ ಮಾಡುವುದು. ಮದುವೆಮನೆಗೆ ಹೋಗದವರು ಎರಡೂ ಕಡೆ ಸಿಗುತ್ತಾರೆ. 'ಜನ ಏನೆಂದುಕೊಳ್ಳುತ್ತಾರೋ' ಎಂಬ ಹೆದರಿಕೆಯೇ ಮುಖ್ಯವಾದರೆ ಅದು ಅಂಜಿಕೆಯ ಕಡೆ. ಆತ್ಮೀಯ ಗೆಳೆಯನ ಜೊತೆ ನಿರಾಳವಾಗಿದ್ದಾಗಲೂ ಮಾತಿನ ಸರದಿ, ತಮಾಷೆ ತಿಳಿಯದಿದ್ದರೆ ಆಟಿಸಂ ಕಡೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಮೇಲೆ ಹೇಳಿದವರು ಮದುವೆಮನೆಗೆಂದೇ ಕೆಲವು ಮಾತು ಬಾಯಿಪಾಠ ಮಾಡಿಟ್ಟುಕೊಂಡಿದ್ದರು. ಊಟ ಆಯ್ತಾ, ಮಳೆ ಹೇಗೆ, ಅಡಿಕೆ ದರ ಎಷ್ಟು. ಅದು ಮುಗಿದರೆ ಮನೆಗೆ. ಅವರಿಗೆ ಆಟಿಸಂ ಎಂದು ಬರೆದೆ. ಯಾವ ಮಾತು ಯಾರಿಂದ ಬಂತು, ಮೂರು ವರ್ಷದ ಒಳಗಿನದು ಏನೂ ಸಿಗಲಿಲ್ಲ ಅನ್ನುವುದೂ ವರದಿಯಲ್ಲಿದೆ.

ಇನ್ನೊಬ್ಬರಲ್ಲಿ ಇದೇ ಹುಡುಕಾಟ ಉಲ್ಟಾ ಹೊಡೆಯಿತು. ಅಂಕ ಜೋರಾಗಿಯೇ ಇತ್ತು. ಆದರೆ ಶಾಲೆಯ ನಾಟಕ ಕಟ್ಟುತ್ತಿದ್ದವನು, ಕಿತ್ತಾಡಿದವರನ್ನು ಒಂದು ಮಾಡುತ್ತಿದ್ದವನು ಅವನೇ ಎಂದು ಮಾಸ್ತರು ನೆನಪಿಸಿಕೊಂಡರು. ತೊಂದರೆ ಶುರುವಾಗಿದ್ದು ಕಾಲೇಜಿನಲ್ಲಿ. ಅವರಿಗೆ ಅಂಜಿಕೆಯ ಚಿಕಿತ್ಸೆ ಶುರು ಮಾಡಿದೆವು.